ಕಾಲಿಗಂಟಿದ ಮಣ್ಣು

ಬಾಳೆಯ ಕಾಂಡವನ್ನು ಅಡ್ಡಲಾಗಿ ಕತ್ತರಿಸಿದರೆ ಒಳಗೆ ಕೆನೆಯಂತೆ ಬೆಳ್ಳಗಿರಬೇಕು. ಅಣ್ಣನ ತೋಟದ ಮೂರನೇ ಸಾಲಿನ ಗಿಡವನ್ನು ಅವಳು ಕತ್ತರಿಸಿದಾಗ ಒಳಗೆ ಕೆಂಪು ಮಿಶ್ರಿತ ಕಂದು ಎಳೆಗಳು ಕಂಡವು, ಕೆರಳಿದ ಕಣ್ಣಿನ ನರಗಳ ಹಾಗೆ. ಕೆಳಗಿನ ಎಲೆಗಳು ಹಳದಿಯಾಗಿ, ತೊಟ್ಟು ಮುರಿದು, ಕಾಂಡದ ಸುತ್ತ ಹರಿದ ಲಂಗದಂತೆ ಜೋತಾಡುತ್ತಿದ್ದವು. ಅವಳಿಗೆ ಆಗಲೇ ಅನುಮಾನ ಬಂತು. ಮುಖದಲ್ಲಿ ಮಾತ್ರ ಏನನ್ನೂ ತೋರಗೊಡಲಿಲ್ಲ.

"ಏನಿದು?" ಅಂದ ಅಣ್ಣ.

"ಲ್ಯಾಬಿಗೆ ಕಳಿಸ್ತೀನಿ. ಬರಲಿ, ಆಮೇಲೆ ಹೇಳ್ತೀನಿ."

"ಏಯ್ ಮೊಂಡಿ, ನಿನಗೆ ನೋಡಿದ ತಕ್ಷಣ ಗೊತ್ತಾಗುತ್ತೆ ಅಂತ ನನಗೆ ಗೊತ್ತು. ಹೇಳ್ಬಿಡು."

"ಲ್ಯಾಬಿಂದ ಬರಲಿ ಅಣ್ಣ."

ಬೆಳೆರೋಗಗಳ ವಿಜ್ಞಾನಿಯಾಗಿ ಅವಳಿಗೆ ಆಗ ಹತ್ತೊಂಬತ್ತು ವರ್ಷದ ಅನುಭವ. ಮೊದಲ ಎಂಟು ವರ್ಷ ಟೊಮೆಟೊ, ಆಮೇಲೆ ಬಾಳೆ. ಬೆಳೆಗಾರರು ಅವಳನ್ನು ಬಾಳೆ ಡಾಕ್ಟ್ರು ಎಂದೇ ಕರೆಯುತ್ತಿದ್ದರು. ಎರಡು ಸಲ ಪರೀಕ್ಷೆಯಾಗಿ ಎರಡು ಸಲವೂ ಒಂದೇ ಫಲಿತಾಂಶ ಬರುವವರೆಗೆ ರೋಗದ ಹೆಸರನ್ನು ಅವಳ ಬಾಯಿಂದ ಬಿಡಿಸುವುದು ಯಾರಿಂದಲೂ ಆಗುತ್ತಿರಲಿಲ್ಲ. ಅದಕ್ಕೆ ಕಾರಣವಿತ್ತು. ಕೆಲಸಕ್ಕೆ ಸೇರಿದ ಮೂರನೇ ವರ್ಷ ಬರೀ ಕಣ್ಣಲ್ಲಿ ನೋಡಿ ಒಂದು ಟೊಮೆಟೊ ಹೊಲಕ್ಕೆ ಎಲೆಮುದುಡು ರೋಗವೆಂದು ಹೇಳಿಬಿಟ್ಟಿದ್ದಳು. ಆ ಬೆಳೆಗಾರ ನಾಲ್ಕು ಎಕರೆ ಕಿತ್ತು ಸುಟ್ಟ. ಆಮೇಲೆ ಅದು ಬರೀ ಪೋಷಕಾಂಶದ ಕೊರತೆಯೆಂದು ಗೊತ್ತಾಯಿತು. ಅವನು ಕಚೇರಿಗೆ ಬಂದು, ಎಲ್ಲರೆದುರಿಗೆ ಅವಳ ಕೆನ್ನೆಗೆ ಬಾರಿಸಿ ಹೊರಟುಹೋದ. ಅವಳು ದೂರು ಕೊಡಲಿಲ್ಲ. ಆ ಏಟಿಗೆ ತಾನು ಅರ್ಹಳೇ ಎಂದುಕೊಂಡಳು. ಅಂದಿನಿಂದ ಅವಳ ನಾಲಿಗೆಗೆ ಬೀಗ.

ಎರಡೂ ಪರೀಕ್ಷೆ ಮುಗಿಯಲು ಹನ್ನೊಂದು ದಿನ ಹಿಡಿಯಿತು. ಸೊರಗು ರೋಗವೇ. ಅದನ್ನು ತರುವ ಬೂಷ್ಟು ಒಮ್ಮೆ ಮಣ್ಣಿಗೆ ಬಂತೆಂದರೆ ಮೂವತ್ತು ವರ್ಷವಾದರೂ ಹೋಗುವುದಿಲ್ಲ. ಇದಕ್ಕೆ ಮದ್ದಿಲ್ಲ. ಒಂದು ಚಿಟಿಕೆ ಮಣ್ಣು ಚಪ್ಪಲಿಗೆ ಅಂಟಿ ಪಕ್ಕದ ತೋಟಕ್ಕೆ ಹೋದರೆ ಆ ತೋಟದ ಕಥೆಯೂ ಮುಗಿಯಿತು. ಅವಳು ಆ ಕಾಗದ ಹಿಡಿದು ಅಣ್ಣನ ಮನೆಗೆ ಹೋದಳು. ಅಣ್ಣ ಓದಿದ. ನಿಂತಲ್ಲೇ ಕುಕ್ಕರಿಸಿಬಿಟ್ಟ.

"ಈ ಹನ್ನೊಂದು ದಿನದಲ್ಲಿ ನಾನು ಬುಡದ ಬಾಳೆ ಮರಿ ಕಿತ್ತು ಹದಿನಾಲ್ಕು ಜನಕ್ಕೆ ಹಂಚಿದ್ದೀನಿ ಕಣೇ. ನಾಟಿ ಸಮಯ ಅಲ್ವಾ? ಮೀಸೆಗೇ ಅರವತ್ತು ಕೊಟ್ಟಿದ್ದೀನಿ."

ಮೀಸೆ ಎಂದರೆ ಬಾಳೆ ಬೆಳೆಗಾರರ ಸಂಘದ ಅಧ್ಯಕ್ಷ. ಆ ಹೆಸರು ತಂದುಕೊಟ್ಟ ಮೀಸೆಯನ್ನು ಅವನು ಎಂದೋ ಬೋಳಿಸಿದ್ದ. ಹೆಸರು ಮಾತ್ರ ಮುಖಕ್ಕೆ ಅಂಟಿಕೊಂಡು ಉಳಿದಿತ್ತು.

"ಅವತ್ತೇ ಒಂದು ಮಾತು ಹೇಳಿದ್ರೆ ನಿನ್ನ ಗಂಟೇನು ಹೋಗ್ತಿತ್ತು?" ಅಂದ ಅಣ್ಣ. ಕಿರುಚಲಿಲ್ಲ, ಬೈಯಲಿಲ್ಲ. "ಮರಿ ಕೊಡ್ಬೇಡ" ಎಂಬ ಎರಡು ಪದ ಹೇಳಲು ಯಾವ ಲ್ಯಾಬೂ ಬೇಕಿರಲಿಲ್ಲ ಎಂಬುದು ಅವಳಿಗೆ ಆಗ ತಿಳಿಯಿತು.

ಸರ್ಕಾರದ ಆದೇಶ ವಾರದೊಳಗೆ ಬಂತು. ಮರಿ ಹೋದ ಹದಿನಾಲ್ಕು ತೋಟಗಳಲ್ಲಿ ಆ ಮರಿಗಳನ್ನೂ ಅವುಗಳ ಸುತ್ತಲಿನ ಸಾಲುಗಳನ್ನೂ ನಾಶಮಾಡಬೇಕು. ಅಣ್ಣನ ತೋಟವನ್ನೂ ಅದಕ್ಕೆ ಅಂಟಿಕೊಂಡ ಮೂರು ತೋಟಗಳನ್ನೂ ಪೂರ್ತಿ. ಪ್ರತಿ ಗಿಡದ ಕಾಂಡಕ್ಕೂ ವಿಷ ಚುಚ್ಚಿ, ಒಣಗಿದ ಮೇಲೆ ನಿಂತಲ್ಲೇ ಕಡಿದು, ಭತ್ತದ ಹೊಟ್ಟು ಸುರಿದು ಸುಡಬೇಕು. ಆದೇಶದ ಕೆಳಗೆ ಸಹಿ ಅವಳದೇ.

ಸಂಘದ ಶೆಡ್ಡಿನಲ್ಲಿ ಸಭೆ ಕರೆದು ಅವಳು ಎಲ್ಲವನ್ನೂ ವಿವರಿಸಿದಳು. ಮಾತು ಮುಗಿಯುವ ಮೊದಲೇ ಮೀಸೆ ಎದ್ದುನಿಂತ.

"ಮೇಡಂ, ರೋಗ ನಿಮ್ಮ ಅಣ್ಣನ ತೋಟದಿಂದ ಬಂದಿದ್ದು. ಬಾಯಿ ಮುಚ್ಕೊಂಡಿದ್ದೋರು ನೀವು. ಈಗ ನಮ್ಮ ತೋಟ ಕಡೀತೀರಾ? ನಮ್ಮ ತೋಟಕ್ಕೆ ಕಾಲಿಟ್ರೆ ಆ ಕಾಲು ವಾಪಸ್ ಹೋಗಲ್ಲ, ಈಗಲೇ ಹೇಳಿದ್ದೀನಿ."

ಶೆಡ್ಡು ಗದ್ದಲದಿಂದ ತುಂಬಿತು. ಹಿಂದಿನ ಬೆಂಚಿನಲ್ಲಿ ಅಣ್ಣ ತಲೆ ತಗ್ಗಿಸಿ ಕೂತಿದ್ದ.

ಕೆಲಸ ಶುರುವಾದದ್ದು ಅಣ್ಣನ ತೋಟದಿಂದಲೇ. ಸಾವಿರದ ನೂರು ಗಿಡ, ಅರ್ಧಕ್ಕರ್ಧ ಗೊನೆ ಬಿಟ್ಟಿದ್ದವು. ಬೇಲಿಯ ಹತ್ತಿರ ಔಷಧಿ ನೀರಿನ ತೊಟ್ಟಿ ಇಡಿಸಿದಳು. ಒಳಗೆ ಹೋಗುವವರೂ ಹೊರಗೆ ಬರುವವರೂ ಗಮ್‌ಬೂಟನ್ನು ಅದರಲ್ಲಿ ಅದ್ದಿಯೇ ದಾಟಬೇಕು. ಎಂಟು ಕೂಲಿಯವರು, ನಾಲ್ವರು ಪೊಲೀಸರು, ಜೀಪಿನ ಡ್ರೈವರ್, ಅವಳು. ಡ್ರೈವರ್‌ಗೆ ಐವತ್ತೈದು ವರ್ಷ. ಅವಳನ್ನು ಹದಿಮೂರು ವರ್ಷದಿಂದ ತೋಟದಿಂದ ತೋಟಕ್ಕೆ ಹೊತ್ತುಕೊಂಡು ತಿರುಗಿದ್ದವನು. "ಮೇಡಂ, ನಿಮ್ಮ ಜೊತೆ ಸೇರಿ ನಾನೂ ಅರ್ಧ ಡಾಕ್ಟ್ರಾಗಿದ್ದೀನಿ. ಆ ಅರ್ಧಕ್ಕೆ ಸರ್ಕಾರ ಸಂಬಳ ಕೊಡ್ತಿಲ್ಲ ಅಷ್ಟೆ," ಎನ್ನುತ್ತಿದ್ದ. ಚುಚ್ಚುವ ಕೆಲಸ ಅವನದಲ್ಲ. ಆದರೂ ಸೂಜಿ ಹಿಡಿದು ಸಾಲಿಗಿಳಿಯುತ್ತಿದ್ದ.

ಗಿಡಗಳು ಸಾಯುವುದನ್ನು ಅವಳು ಹಿಂದೆಯೂ ನೋಡಿದ್ದಳು. ಇಷ್ಟನ್ನು ಒಟ್ಟಿಗೆ ನೋಡಿರಲಿಲ್ಲ. ಕೆಲವೇ ದಿನಗಳಲ್ಲಿ ಎಲೆಗಳು ಕಪ್ಪಾಗಿ ಸುರುಟಿದವು, ಕಾಂಡಗಳು ಕೊಳೆತು ಮಧ್ಯಕ್ಕೆ ಮಡಚಿಕೊಂಡವು, ಬಲಿಯದ ಗೊನೆಗಳು ದಪದಪನೆ ಉದುರಿದವು. ಅತ್ತಿಗೆ ಜಗುಲಿಯ ಮೇಲೆ ಕೂತು, ಒಂದೊಂದು ಗೊನೆ ಬಿದ್ದಾಗಲೂ ಯಾರೋ ತನಗೇ ಹೊಡೆದಂತೆ ಬೆಚ್ಚುತ್ತಿದ್ದಳು.

ಹದಿನಾರನೇ ದಿನ ಬೆಳಿಗ್ಗೆ ಹತ್ತು ಗಂಟೆಗೆ ಹೊಟ್ಟಿನ ರಾಶಿಗೆ ಬೆಂಕಿಯಿಟ್ಟರು. ಪೊಲೀಸರಲ್ಲಿ ಇಬ್ಬರನ್ನು ಬೇರೆಲ್ಲಿಗೋ ಕರೆಸಿಕೊಂಡಿದ್ದರು. ಹೊಗೆ ಎದ್ದು ಅರ್ಧ ಗಂಟೆಯೂ ಆಗಿರಲಿಲ್ಲ, ರಸ್ತೆಯ ಕಡೆಯಿಂದ ಜನ ಬಂದರು. ಮೊದಲು ದನಿ, ಆಮೇಲೆ ತಲೆಗಳು, ಆಮೇಲೆ ಬಿಸಿಲಿಗೆ ಮಿಂಚುವ ಮಚ್ಚುಗಳು. ಇನ್ನೂರಕ್ಕೆ ಕಡಿಮೆಯಿರಲಿಲ್ಲ. ಕೆಲವರು ಮುಖಕ್ಕೆ ಬಟ್ಟೆ ಕಟ್ಟಿಕೊಂಡಿದ್ದರು. ಇದ್ದ ಇಬ್ಬರು ಪೊಲೀಸರು ಲಾಠಿ ಎಸೆದು ಕಾಲುವೆ ಹಾರಿದರು. ಕೂಲಿಯವರೂ ಅವರ ಹಿಂದೆಯೇ ಓಡಿದರು.

ಡ್ರೈವರ್ ಜೀಪಿನ ಬಾಗಿಲು ತೆರೆದು ಕೂಗಿದ. "ಮೇಡಂ, ಹತ್ತಿ! ಬೇಗ ಹತ್ತಿ!"

ಅವಳು ಓಡಿದಳು. ಜೀಪು ಇನ್ನು ಹತ್ತು ಹೆಜ್ಜೆಯಿದೆ ಎನ್ನುವಾಗ ಮೊದಲ ಕಲ್ಲು ಗಾಜಿಗೆ ಬಿತ್ತು. ಎರಡನೆಯದು ಡ್ರೈವರನ ಬಾಯಿಗೆ. ಅವನು ಬಾಯಿ ಮುಚ್ಚಿಕೊಂಡು ಬಗ್ಗಿದ. ಬೆರಳ ಸಂದಿಯಿಂದ ರಕ್ತ ಸುರಿಯಿತು. ನಾಲ್ಕೈದು ಜನ ಅವನನ್ನು ಹೊರಗೆಳೆದು ಕೆಡವಿದರು. ಬಟ್ಟೆ ಕಟ್ಟಿಕೊಂಡವನೊಬ್ಬ ಬೇಲಿಯ ಕಲ್ಲುಕಂಬದ ತುಂಡನ್ನು ಎರಡೂ ಕೈಯಲ್ಲಿ ತಲೆಯ ಮೇಲಕ್ಕೆತ್ತಿದ. "ಹಾಕ್ರೋ! ಆಮೇಲೆ ಅವಳು!" ಎಂದು ಕೂಗುತ್ತಲೇ ಆ ಕಲ್ಲನ್ನು ಕೆಳಗೆ ಬಿಟ್ಟ. ತಲೆಬುರುಡೆ ಒಡೆದ ಸದ್ದು ಅಷ್ಟು ಗದ್ದಲದಲ್ಲೂ ಅವಳಿಗೆ ಕೇಳಿಸಿತು. ಆ ದನಿಯನ್ನು ಅವಳು ಶೆಡ್ಡಿನಲ್ಲಿ ಕೇಳಿದ್ದಳು. ಮುಖ ಮಾತ್ರ ಕಾಣಲಿಲ್ಲ.

ಯಾರೋ ಅವಳ ಜಡೆ ಹಿಡಿದೆಳೆದರು. ಬೆನ್ನಿಗೆ ಒದೆ ಬಿತ್ತು, ಮುಖ ಮಣ್ಣಿಗೆ ಬಡಿಯಿತು. ಕಣ್ಣೆದುರಿಗೆ ಬರೀ ಕಾಲುಗಳು. ಬರಿಗಾಲು, ಚಪ್ಪಲಿ, ಬೂಟು. ಎಲ್ಲದಕ್ಕೂ ಅಣ್ಣನ ತೋಟದ ಒದ್ದೆ ಮಣ್ಣು ಗಟ್ಟಿಯಾಗಿ ಮೆತ್ತಿಕೊಂಡಿತ್ತು. ಔಷಧಿ ತೊಟ್ಟಿ ಬೋರಲು ಬಿದ್ದಿತ್ತು. ನಾನೂರು ಕಾಲು, ಇನ್ನೂರು ಮನೆ, ಇನ್ನೂರು ತೋಟ. ಪಕ್ಕೆಗೆ ಒದೆ ಬೀಳುತ್ತಿದ್ದರೂ ಅವಳ ತಲೆಯಲ್ಲಿ ಅದೊಂದೇ ಲೆಕ್ಕ ನಡೆಯುತ್ತಿತ್ತು.

"ಕಾಲು ತೊಳ್ಕೊಳ್ರೋ!" ಎಂದು ಕಿರುಚಿದಳು. "ಕಾಲು ತೊಳ್ಕೊಂಡು ಹೋಗಿ! ಮನೆಗೆ ಹೋಗೋ ಮುಂಚೆ ಕಾಲು ತೊಳೀರಿ!"

ಒಂದು ಕ್ಷಣ ಎಲ್ಲರೂ ಗಕ್ಕನೆ ನಿಂತರು. ಆಮೇಲೆ ಒಬ್ಬ ಅಂದ, "ನೋಡ್ರೋ, ನಾವು ಅವಳಿಗೆ ಕೊಳಕರಂತೆ! ಸಾಯೋವಾಗಲೂ ಎಂಥ ಸೊಕ್ಕು!" ಮೊದಲಿಗಿಂತ ಹೆಚ್ಚು ಏಟು ಬಿದ್ದವು. ಎರಡು ಹಲ್ಲು ಅವಳ ಬಾಯಲ್ಲೇ ಮುರಿದವು.

ಆಗ ಗುಂಪು ಸೀಳಿಕೊಂಡು ಅಣ್ಣ ಬಂದ. ಕೈಯಲ್ಲಿ ಮಚ್ಚಿತ್ತು. ಅಣ್ಣ ಬಂದನಲ್ಲ ಎಂದು ಅವಳು ಎಡಗೈ ಚಾಚಿದಳು. ಅವನ ಕಣ್ಣು ಸುಡುತ್ತಿದ್ದ ತನ್ನ ಸಾಲುಗಳ ಮೇಲಿತ್ತು. ಆಮೇಲೆ ಆ ಕಣ್ಣು ಅವಳ ಕಡೆ ತಿರುಗಿತು.

"ಹೇಳ್ಬೇಕಾದಾಗ ಹೇಳ್ಲಿಲ್ಲ," ಎಂದು ಮಚ್ಚು ಬೀಸಿದ.

ಮಚ್ಚಿನ ಬೆನ್ನು ಮುಂದಿತ್ತೋ ಅಲಗು ಮುಂದಿತ್ತೋ ಅವನೂ ನೋಡಿರಲಿಲ್ಲ. ಬಿದ್ದದ್ದು ಬೆನ್ನು. ಮೊಣಕೈಯ ಕೆಳಗೆ ಎರಡೂ ಮೂಳೆ ಲಟಕ್ಕೆಂದು ಮುರಿದು, ಒಂದು ಚರ್ಮ ಹರಿದು ಹೊರಗೆ ಬಂತು. ಆ ಬಿಳಿ ಮೂಳೆ ಕಂಡದ್ದೇ ಅಣ್ಣ ಮಚ್ಚು ಬಿಟ್ಟು, ಎರಡು ಹೆಜ್ಜೆ ಹಿಂದೆ ಸರಿದ. ಅಷ್ಟರಲ್ಲಿ ಯಾರೋ "ಲ್ಯಾಬಿಗೆ ನಡೀರೋ!" ಎಂದು ಕೂಗಿ, ಗುಂಪು ಪೇಟೆಯ ಕಡೆ ಹೊರಟಿತ್ತು. ಮಧ್ಯಾಹ್ನದ ಹೊತ್ತಿಗೆ ಅವಳ ಲ್ಯಾಬಿನ ಬಾಗಿಲು ಮುರಿದರು. ಸೂಕ್ಷ್ಮದರ್ಶಕಗಳನ್ನು ಕಿಟಕಿಯಿಂದ ಎಸೆದರು. ಬೂಷ್ಟು ಬೆಳೆಸಿದ್ದ ಎರಡು ಸಾವಿರ ಗಾಜಿನ ತಟ್ಟೆಗಳನ್ನು ರಸ್ತೆಗೆ ಸುರಿದು ತುಳಿದರು. ಕೊನೆಗೆ ಕಟ್ಟಡಕ್ಕೆ ಬೆಂಕಿ ಹಾಕಿದರು.

ಡ್ರೈವರ್ ಮೂರು ದಿನ ಉಸಿರಾಡಿ ಸತ್ತ.

ಆಸ್ಪತ್ರೆಯ ಮಂಚದ ಪಕ್ಕ ಸ್ಟೂಲಿನಲ್ಲಿ ಕೂತು ಪೊಲೀಸ್ ಅಧಿಕಾರಿ ಕೇಳಿದ, "ಕೈಗೆ ಹೊಡೆದವನು ಯಾರು ಅಂತ ಗೊತ್ತಾ?"

"ನನ್ನ ಅಣ್ಣ."

ಅಧಿಕಾರಿ ಪೆನ್ನು ನಿಲ್ಲಿಸಿದ. "ಮೇಡಂ, ಬೇಕಿದ್ರೆ ಇನ್ನೊಮ್ಮೆ ಯೋಚನೆ ಮಾಡಿ. ಗದ್ದಲದಲ್ಲಿ..."

"ಬರ್ಕೊಳ್ಳಿ. ನಾನು ನೋಡಿದ್ದೀನಿ."

"ಡ್ರೈವರ್‌ನ ಕೊಂದವನು?"

"ದನಿ ಮೀಸೆಯದು ಅನ್ನಿಸ್ತು. ಮುಖ ನೋಡಲಿಲ್ಲ."

ಆರು ತಿಂಗಳು ಕಳೆಯುವುದರೊಳಗೆ ರೋಗ ನಲವತ್ತೇಳು ತೋಟಗಳಲ್ಲಿ ಎದ್ದಿತು. ಮೂಳೆಗೆ ಸರಳು ಹಾಕಿಸಿಕೊಂಡ ಕೈಯನ್ನು ಕೊರಳಿಗೆ ಕಟ್ಟಿಕೊಂಡು ಅವಳು ಆ ತೋಟಗಳನ್ನು ನಕ್ಷೆಯ ಮೇಲೆ ಗುರುತಿಸಿದಳು. ಅಣ್ಣನ ತೋಟದಿಂದ ಹೊರಟು ರಸ್ತೆಗುಂಟ ಸಾಗಿ, ಅಲ್ಲಿಂದ ಒಬ್ಬೊಬ್ಬರ ಮನೆಯ ಕಡೆ ಕವಲೊಡೆದ ಚುಕ್ಕೆಗಳು. ಆ ದಿನ ಗುಂಪು ನಡೆದ ದಾರಿ ಅದು. ಸರ್ಕಾರಿ ವಕೀಲ ನಕ್ಷೆ ನೋಡಿ ಕುಣಿದಾಡುವುದೊಂದು ಬಾಕಿ. ಮೀಸೆ ತಾನು ಆ ದಿನ ಅಲ್ಲಿರಲೇ ಇಲ್ಲ ಎಂದು ಸಾಧಿಸುತ್ತಿದ್ದ. ಆದರೆ ಅವನ ತೋಟ ಮನೆಬಾಗಿಲಿನ ಕಡೆಯಿಂದಲೇ ಸೊರಗಲು ಶುರುವಾಗಿತ್ತು.

ವಿಚಾರಣೆ ಎರಡು ವರ್ಷದ ನಂತರ ನಡೆಯಿತು. ಅಣ್ಣನ ಸರದಿ ಮೊದಲು ಬಂತು. ತಂಗಿಯನ್ನು ಬೇರೆಯವರ ಅಲಗಿನಿಂದ ಉಳಿಸಲೆಂದೇ ಮಚ್ಚಿನ ಬೆನ್ನಿನಿಂದ ಹೊಡೆದೆ ಎಂದು ಹೇಳು, ಬಿಟ್ಟುಬಿಡುತ್ತಾರೆ ಎಂದು ಅವನ ವಕೀಲ ಬಾಯಿಪಾಠ ಮಾಡಿಸಿದ್ದ. ಅಣ್ಣ ಕಟಕಟೆಯಲ್ಲಿ ನಿಂತು ತಲೆ ಅಲ್ಲಾಡಿಸಿದ. "ಅದೆಲ್ಲ ಸುಳ್ಳು ಸ್ವಾಮಿ. ಸಿಟ್ಟು ನೆತ್ತಿಗೇರಿತ್ತು. ಹೊಡೆದೆ. ಅಲಗು ಬಿದ್ದಿದ್ರೆ ಕೈ ತುಂಡಾಗ್ತಿತ್ತು, ಅದಕ್ಕೂ ನಾನು ತಯಾರಾಗೇ ಇದ್ದೆ." ನಾಲ್ಕು ವರ್ಷ ಶಿಕ್ಷೆಯಾಯಿತು.

ಮರುದಿನ ಮೀಸೆಯ ಸರದಿ. ಸರ್ಕಾರಿ ವಕೀಲ ಅವಳನ್ನು ಕೇಳಿದ, "ಈ ಆರೋಪಿಯ ತೋಟಕ್ಕೆ ರೋಗ ಆ ದಿನ ಅವನ ಕಾಲಿಗಂಟಿದ ಮಣ್ಣಿನಿಂದಲೇ ಬಂತು ಅಂತ ಹೇಳಬಹುದಲ್ವಾ?"

ಎದುರಿನ ಬೆಂಚಿನಲ್ಲಿ ಡ್ರೈವರನ ಹೆಂಡತಿ ಕೂತಿದ್ದಳು, ಸೆರಗಿನ ತುದಿಯನ್ನು ಮುಷ್ಟಿಯಲ್ಲಿ ಹಿಡಿದು. ಹೌದು ಎಂದರೆ ಸಾಕಿತ್ತು.

"ಇರಬಹುದು," ಅಂದಳು. "ಆದ್ರೆ ಅದಕ್ಕೂ ಮುಂಚೆ ನನ್ನ ಅಣ್ಣ ಇವರಿಗೆ ಅರವತ್ತು ಮರಿ ಕೊಟ್ಟಿದ್ದ. ಅದರಿಂದಲೂ ಬಂದಿರಬಹುದು. ಯಾವುದರಿಂದ ಅಂತ ಹೇಳೋಕೆ ಯಾವ ಪರೀಕ್ಷೆಯೂ ಇಲ್ಲ."

"ದನಿ ಗುರುತಿಸಿದ್ರಿ ಅಲ್ವಾ?"

"ಅವರದೇ ಅನ್ನಿಸ್ತು. ಆಣೆ ಮಾಡಿ ಹೇಳೋಷ್ಟು ಖಚಿತ ಇಲ್ಲ."

ಮೀಸೆ ಬಿಡುಗಡೆಯಾದ. ಕೋರ್ಟಿನ ಪಡಸಾಲೆಯಲ್ಲಿ ಡ್ರೈವರನ ಹೆಂಡತಿ ಕಾಲಿನ ಚಪ್ಪಲಿ ಕಿತ್ತು ಅವಳ ಮುಖಕ್ಕೆ, ತಲೆಗೆ, ಸರಳಿದ್ದ ಕೈಗೆ ಸಿಕ್ಕಸಿಕ್ಕಲ್ಲಿ ಬಡಿದಳು. "ಹದಿಮೂರು ವರ್ಷ ನಿನ್ನ ಹೊತ್ಕೊಂಡು ತಿರುಗಿದ್ನಲ್ಲೇ! ಒಂದು ಮಾತು! ಒಂದೇ ಒಂದು ಮಾತು ನಿನ್ನ ಬಾಯಲ್ಲಿ ಬರಲಿಲ್ಲ!" ಬಿಡಿಸಲು ಬಂದ ಕಾನ್‌ಸ್ಟೇಬಲ್‌ಗೆ ಅವಳು ಏಟು ತಿನ್ನುತ್ತಲೇ ಬೇಡವೆಂದು ಸನ್ನೆ ಮಾಡಿದಳು. ಹುಬ್ಬು ಒಡೆದು ರಕ್ತ ಕಣ್ಣಿಗಿಳಿದರೂ ಕೈ ಅಡ್ಡ ಹಿಡಿಯಲಿಲ್ಲ.

ಇಲಾಖೆ ಅವಳನ್ನು ದೂರದ ಬೀಜ ಗೋದಾಮಿಗೆ ವರ್ಗ ಮಾಡಿತು. ಅವಳು ರಜೆ ಹಾಕಿ ಅತ್ತಿಗೆಯ ಬಾಗಿಲಿಗೆ ಹೋದಳು.

"ಆ ಮಣ್ಣು ಬೇಕಿತ್ತು ಅತ್ತಿಗೆ. ಅಷ್ಟು ರೋಗ ತುಂಬಿದ ಮಣ್ಣು ಇನ್ನೆಲ್ಲೂ ಇಲ್ಲ. ನೂರಾರು ಬಗೆ ಬಾಳೆ ತಂದು ನೆಡ್ತೀನಿ. ಯಾವುದು ಸಾಯಲ್ಲ ಅಂತ ನೋಡ್ಬೇಕು."

ಅತ್ತಿಗೆ ಒಳಗೆ ಕರೆಯಲಿಲ್ಲ, ನೀರೂ ಕೊಡಲಿಲ್ಲ. "ಗಂಡನ್ನ ಜೈಲಿಗೆ ಹಾಕ್ಸಿದ್ದಾಯ್ತು. ತೋಟ ಸುಟ್ಟಿದ್ದಾಯ್ತು. ಮಣ್ಣೊಂದು ಉಳಿದಿತ್ತು, ಅದನ್ನೂ ತಗೋ," ಎಂದು ಗೇಟಿನ ಬೀಗದ ಕೈಯನ್ನು ಅವಳ ಕಾಲಬುಡಕ್ಕೆ ಎಸೆದಳು.

ಅವಳು ಇನ್ನೂರ ಹತ್ತು ಬಗೆಗಳನ್ನು ನೆಟ್ಟಳು. ಮೊದಲ ವರ್ಷವೇ ನೂರೈವತ್ತು ಬಗೆ ಸತ್ತವು. ಎರಡನೇ ವರ್ಷ ಮತ್ತೆ ನಲವತ್ತು. ವಾರಕ್ಕೊಮ್ಮೆ ಬಂದು ಒಂದೇ ಕೈಯಲ್ಲಿ ಮಚ್ಚು ಹಿಡಿದು ಸತ್ತದ್ದನ್ನು ಸೀಳಿ, ಒಳಗಿನ ಬಣ್ಣ ನೋಡಿ ಬರೆದುಕೊಂಡು, ಬೂಟು ತೊಳೆದು ಹೋಗುತ್ತಿದ್ದಳು. ಅಣ್ಣ ಶಿಕ್ಷೆ ಮುಗಿಸಿ ಬಂದಾಗ ಆರು ಬಗೆಗಳು ನಿಂತಿದ್ದವು, ಒಟ್ಟು ನೂರ ಎಂಬತ್ತು ಗಿಡ. ಅವನು ಬೇಲಿಯ ಹತ್ತಿರ ನಿಂತು ನೋಡಿದ. ಒಳಗೆ ಬರಲಿಲ್ಲ. ಮುಂದಿನ ವಾರ ಅವಳು ಬಂದಾಗ ಕಳೆ ಕಿತ್ತಾಗಿತ್ತು.

ಆ ಹೊತ್ತಿಗೆ ಮೀಸೆಯ ತೋಟದಲ್ಲಿ ಒಂದು ಗಿಡವೂ ಉಳಿದಿರಲಿಲ್ಲ. ಸಂಘದವರು ಅವನನ್ನು ಅಧ್ಯಕ್ಷಗಿರಿಯಿಂದ ಇಳಿಸಿದ್ದರು. ರೋಗ ತಂದವಳೂ ಅವಳೇ, ಈಗ ಹೊಸ ತಳಿ ತಂದು ಹೆಸರು ಮಾಡಿಕೊಳ್ಳುವವಳೂ ಅವಳೇ ಎಂದು ಸಿಕ್ಕವರಿಗೆಲ್ಲ ಹೇಳುತ್ತ ತಿರುಗುತ್ತಿದ್ದ. ಒಂದು ಮುಂಜಾನೆ ಅವಳು ಗೇಟಿನ ಹತ್ತಿರ ಬಸ್ಸಿಳಿದಾಗ ಕಡಿಯುವ ಸದ್ದು ಕೇಳಿತು. ಓಡಿದಳು. ಮೀಸೆ ಸಾಲಿನ ಮಧ್ಯೆ ನಿಂತು ಎರಡೂ ಕೈಯಲ್ಲಿ ಮಚ್ಚು ಬೀಸುತ್ತಿದ್ದ. ಗಿಡಗಳೆಲ್ಲ ನೆಲಕ್ಕುರುಳಿ ಕಡೆಯ ಗಿಡವಷ್ಟೇ ನಿಂತಿತ್ತು.

ಅವಳಿಗಿಂತ ಮೊದಲು ಅಣ್ಣ ತಲುಪಿದ್ದ. ಹಿಂದಿನಿಂದ ಹಾರಿ ಮೀಸೆಯನ್ನು ಕೆಡವಿದ. ಮಚ್ಚು ಅಣ್ಣನ ಭುಜವನ್ನು ಸೀಳಿತು. ಅವನಿಗೆ ಅದರ ಪರಿವೆಯೇ ಇರಲಿಲ್ಲ. ಮೀಸೆಯ ಬೆನ್ನಿನ ಮೇಲೆ ಕೂತು, ಕುತ್ತಿಗೆ ಹಿಡಿದು, ಮುಖವನ್ನು ಕೆಸರಿಗೆ ಒತ್ತಿದ. ಮೀಸೆಯ ಕಾಲುಗಳು ನೆಲಕ್ಕೆ ಬಡಿದವು. ಆಮೇಲೆ ಬಡಿಯುವುದು ನಿಧಾನವಾಯಿತು.

"ಅಣ್ಣ, ಬಿಡು!"

"ಡ್ರೈವರ್‌ನ ಕೊಂದವನು ಇವನೇ. ನಿನಗೂ ಗೊತ್ತು."

"ಗೊತ್ತು."

"ಗೊತ್ತಿದ್ದೂ ಬಿಟ್ಟೆ. ನಾನು ಬಿಡಲ್ಲ."

ಅವಳು ಬಲಗೈಯಲ್ಲಿ ಅವನ ಕೂದಲು ಹಿಡಿದು ಹಿಂದಕ್ಕೆಳೆದಳು. ಬಗ್ಗದಿದ್ದಾಗ ಮೊಣಕಾಲಿನಿಂದ ಅವನ ಸೀಳಿದ ಭುಜಕ್ಕೇ ಗುದ್ದಿದಳು. ಅಣ್ಣ ಚೀರಿ ಪಕ್ಕಕ್ಕುರುಳಿದ. ಮೀಸೆ ಕೆಸರು ಕಕ್ಕುತ್ತ ಅಂಬೆಗಾಲಿಕ್ಕಿದ. ಮೂವರೂ ಕಡಿದ ಗಿಡಗಳ ನಡುವೆ ಏದುಸಿರು ಬಿಡುತ್ತ ಬಿದ್ದಿದ್ದರು.

"ನೀನು ಮತ್ತೆ ಜೈಲಿಗೆ ಹೋದ್ರೆ ಅತ್ತಿಗೆಗೆ ನಾನು ಏನಂತ ಮುಖ ತೋರಿಸ್ಲಿ?" ಅಂದಳು ಕೊನೆಗೆ. ತೋಟ ಸುಟ್ಟ ದಿನದಿಂದ ಇದೇ ಮೊದಲ ಸಲ ಅವಳು ಅಳುತ್ತಿದ್ದಳು.

ಈ ಸಲ ಮುಖವನ್ನು ಅವಳು ನೋಡಿದ್ದಳು, ಕೋರ್ಟಿನಲ್ಲಿ ಹಾಗೆಯೇ ಹೇಳಿದಳು. ಮನುಷ್ಯನನ್ನು ಕೊಂದದ್ದಕ್ಕೆ ಮೀಸೆಗೆ ಒಂದು ದಿನದ ಶಿಕ್ಷೆಯೂ ಆಗಿರಲಿಲ್ಲ. ಬಾಳೆ ಕಡಿದದ್ದಕ್ಕೂ ಅಣ್ಣನ ಭುಜ ಸೀಳಿದ್ದಕ್ಕೂ ಹದಿನೆಂಟು ತಿಂಗಳಾಯಿತು. ಅವಳು ಡ್ರೈವರನ ಮನೆಗೆ ಹೋಗಿ ಈ ಸುದ್ದಿ ಹೇಳಲೆಂದು ಬಾಗಿಲು ತಟ್ಟಿದಳು. ಒಳಗೆ ಯಾರೋ ನಡೆದ ಸದ್ದಾಯಿತು. ಬಾಗಿಲು ತೆರೆಯಲಿಲ್ಲ. ಅರ್ಧ ಗಂಟೆ ನಿಂತು ವಾಪಸಾದಳು.

ಅದೆಲ್ಲ ಆಮೇಲಿನ ಮಾತು. ಗಿಡ ಕಡಿದ ಮೂರನೇ ವಾರ ಅವಳು ತೋಟಕ್ಕೆ ಹೋದಾಗ ಕಡಿದ ಬುಡಗಳಲ್ಲಿ ಅರ್ಧದಷ್ಟು ಕೊಳೆತಿದ್ದವು. ಎರಡು ಬಗೆಗಳಲ್ಲಿ ಮಾತ್ರ ಬುಡದ ಪಕ್ಕದಿಂದ ಮರಿಗಳು ಈಟಿಯಂತೆ ನೆಟ್ಟಗೆ ಎದ್ದಿದ್ದವು. ಅಣ್ಣ ಭುಜಕ್ಕೆ ಪಟ್ಟಿ ಕಟ್ಟಿಕೊಂಡೇ ಬಂದು ಗುದ್ದಲಿ ಹಿಡಿದ. ಅವನು ಅಗೆದ, ಅವಳು ಒಂದೊಂದೇ ಗಡ್ಡೆಯ ತುದಿಯನ್ನು ಚೂರಿಯಿಂದ ಕೆತ್ತಿ ನೋಡಿದಳು. ಕೆಂಪು ಎಳೆಯಿದ್ದದ್ದನ್ನು ಬೆಂಕಿಗೆ ಎಸೆದಳು. ಬಿಸಿಲೇರುವ ಹೊತ್ತಿಗೆ ಬುಟ್ಟಿಯಲ್ಲಿ ಔಷಧಿ ನೀರಿನಲ್ಲಿ ತೊಳೆದ ಇಪ್ಪತ್ತಮೂರು ಮರಿಗಳಿದ್ದವು.

"ಇಷ್ಟು ಸಾಕಾ?" ಅಂದ ಅಣ್ಣ.

"ಸಾಕಾಗಲ್ಲ. ಶುರು ಮಾಡ್ಬಹುದು, ಅಷ್ಟೆ."

ಬುಟ್ಟಿಯ ಒಂದು ಹಿಡಿಯನ್ನು ಅವನು ಹಿಡಿದ. ಇನ್ನೊಂದನ್ನು ಅವಳು ಎಡಗೈಯಲ್ಲಿ ಹಿಡಿಯಲು ಹೋಗಿ, ಬೆರಳು ಮಡಚದೆ, ಸುತ್ತಿ ಬಂದು ಬಲಗೈಯಲ್ಲಿ ಹಿಡಿದಳು. ಅಣ್ಣ ಅದನ್ನು ನೋಡಿ ಮುಖ ಆಚೆ ತಿರುಗಿಸಿಕೊಂಡ. ಇಬ್ಬರೂ ಸೇರಿ ಬುಟ್ಟಿಯನ್ನು ಎತ್ತಿದರು.